ಚಳಿ ಅಂದರೆ

ವೇದಸಂದೂರು
3 ಫೆಬ್ರವರಿ 2025

ಅತ್ತಿಗೆಗೆ,

ಕಾಗದವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕೆಂದು ಕಲಿಸಿದವರು ನೀವು. ನನಗಾಗ ಒಂಬತ್ತು ವರ್ಷ, ನೀವು ತೇವಾರಂ ಮನೆಗೆ ಹೊಸದಾಗಿ ಬಂದ ಸೊಸೆ. ಕ್ಷೇಮ ಇಲ್ಲದಿದ್ದರೆ ಹೇಗೆ ಶುರು ಮಾಡಬೇಕೆಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ. ಆದ್ದರಿಂದ ಹೀಗೇ ಶುರು ಮಾಡುತ್ತೇನೆ.

ನನ್ನ ಕುತ್ತಿಗೆಯಲ್ಲೂ ಕಂಕುಳಲ್ಲೂ ಗಂಟು ಬಂದಿವೆ. ಪರೀಕ್ಷೆ ಎಲ್ಲ ಮುಗಿಯಿತು. ಅಣ್ಣನಿಗೆ ಬಂದದ್ದೇ ಅಲ್ಲ, ಅದರ ದಾಯಾದಿ. ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಎರಡು ಸಲ ಕೀಮೋ ಕೊಟ್ಟರು. ಕೈಯ ನರಗಳು ಒಣಗಿದ ಹಗ್ಗದ ಹಾಗೆ ಗಟ್ಟಿಯಾಗಿವೆ. ಮೊನ್ನೆ ಏಳು ಸಲ ಚುಚ್ಚಿದರು, ಎಂಟನೆಯದಕ್ಕೆ ನಾನೇ ಕೈ ಎಳೆದುಕೊಂಡೆ. ಇನ್ನೂ ಆರು ತಿಂಗಳು ಔಷಧಿ ಹೋಗಬೇಕು, ಕೈಯಲ್ಲಿ ಆಗುವುದಿಲ್ಲ, ಎದೆಯಲ್ಲಿ ಲೈನ್ ಹಾಕಿಬಿಡೋಣ ಅನ್ನುತ್ತಾರೆ. ಅಣ್ಣನಿಗೆ ಹಾಕಿದ್ದರಲ್ಲ, ಅದೇ ಬಿಳಿ ಕೊಳವೆ. ಸೋಮವಾರ ಹದಿನೇಳಕ್ಕೆ ದಿನ ಕೊಟ್ಟಿದ್ದಾರೆ. ಒಪ್ಪಿಗೆ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ.

ಅಣ್ಣ ಹೋದದ್ದು ರೋಗದಿಂದಲ್ಲ, ಆ ಲೈನಿಗೆ ಸೋಂಕು ಹತ್ತಿ. ನೀವು ನೋಡಿಕೊಳ್ಳುತ್ತಿದ್ದ ಲೈನಿಗೆ. ಅಣ್ಣನ ಹದಿನಾರನೇ ದಿನದ ತಿಥಿಯಲ್ಲಿ ನೆಂಟರೆಲ್ಲರ ಎದುರು ನಾನು ಅಂದದ್ದನ್ನು ನೀವು ಮರೆತಿರಲಾರಿರಿ. 'ಪಕ್ಕದಲ್ಲೇ ಕೂತು ಸಾಯಿಸಿದಳು' ಅಂದೆ. ಎರಡೂವರೆ ವರ್ಷವಾಯಿತು. ಅದನ್ನು ವಾಪಸ್ ತೆಗೆದುಕೊಳ್ಳಲು ಬರೆಯುತ್ತಿಲ್ಲ. ಐದು ತಿಂಗಳು ಆ ಲೈನನ್ನು ದಿನಾ ಮುಟ್ಟಿದವರು ನನಗೆ ಗೊತ್ತಿರುವ ಹಾಗೆ ನೀವೊಬ್ಬರೇ. ಹಾಕುವಾಗ ಏನು ಮಾಡುತ್ತಾರೆ, ಎಷ್ಟು ನೋಯುತ್ತದೆ, ಆಮೇಲೆ ಹೇಗಿರುತ್ತದೆ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಡಾಕ್ಟರ್ ಎಲ್ಲಕ್ಕೂ 'ಭಯಪಡಾದೀಂಗ' ಅನ್ನುತ್ತಾರೆ. ಭಯಪಡಬೇಡಿ ಅನ್ನುವವರನ್ನು ಕಂಡರೆ ನನಗೆ ಇನ್ನೂ ಭಯ.

ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ಬೈಯುತ್ತೇನೆ, ಬೈಯಲು ನನಗೀಗ ತ್ರಾಣವಿಲ್ಲ. ಕಾಗದದಲ್ಲಿ ಇನ್ನೊಂದು ಅನುಕೂಲವಿದೆ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಬಾಲಮುರುಗನ್‌ಗೆ ನಮ್ಮ ಮನೆಮಾತು ತಿಳಿಯದು. ಮಗಳು ಸರಣ್ಯಾಗೆ ಮಾತು ಅರ್ಧ ತಿಳಿಯುತ್ತದೆ, ಅಕ್ಷರ ತಿಳಿಯದು. ನಮ್ಮ ಇಡೀ ಬಳಗದಲ್ಲಿ ಕನ್ನಡ ಅಕ್ಷರ ಓದುವವರು ನಾವಿಬ್ಬರೇ. ನಾನು ಹೆದರಿದ್ದೇನೆ ಅಂತ ಬರೆದು ಊಟದ ಮೇಜಿನ ಮೇಲೆ ಬಿಟ್ಟರೂ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ತೇನ್‌ಮೊಳಿ


ತೇವಾರಂ
8 ಫೆಬ್ರವರಿ 2025

ತೇನು,

ನಿನ್ನ ಬರಹ ನೋಡಿ ಮೊದಲು ನಗು ಬಂತು. ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಜಾರಿ ಬಿದ್ದಿವೆ. ಕೊಳ್ಳೇಗಾಲದಲ್ಲಿ ನನಗೆ ಏಳನೇ ಕ್ಲಾಸಿನವರೆಗೆ ಕಲಿಸಿದ ಮೇಷ್ಟರು ನೋಡಿದ್ದರೆ ನಿನ್ನನ್ನೂ ನನ್ನನ್ನೂ ಒಟ್ಟಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆಮೇಲೆ ಓದಿದೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಕೂತುಬಿಟ್ಟೆ. ಆವತ್ತಿನ ಸಾಂಬಾರಿಗೆ ಉಪ್ಪೇ ಬೀಳಲಿಲ್ಲ, ಮಕ್ಕಳೆಲ್ಲ ಮುಖ ಕಿವುಚಿದವು.

ಬೈದದ್ದಕ್ಕೆ ಉತ್ತರ ಬರೆಯುವುದಿಲ್ಲ. ಕೇಳಿದ್ದಕ್ಕೆ ಬರೆಯುತ್ತೇನೆ. ಒಳಗೆ ನಾನು ಹೋಗಿರಲಿಲ್ಲ, ನಿನ್ನಣ್ಣ ಹೊರಗೆ ಬಂದು ಹೇಳಿದ್ದು ಇದು. ಅವರಿಗೆ ಉತ್ಪ್ರೇಕ್ಷೆ ಅಭ್ಯಾಸ, ಅದನ್ನು ನಾನೇ ಕಳೆದಿದ್ದೇನೆ.

ಹಿಂದಿನ ದಿನ ರಕ್ತ ತೆಗೆದು ನೋಡುತ್ತಾರೆ. ಬೆಳಗ್ಗೆಯಿಂದ ಏನೂ ತಿನ್ನಬಾರದು. ಒಳಗೆ ಗಟ್ಟಿ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ, ಮುಖ ಎಡಕ್ಕೆ ತಿರುಗಿಸಿಕೋ ಅನ್ನುತ್ತಾರೆ. ತಣ್ಣನೆಯ ಔಷಧಿಯಲ್ಲಿ ಕುತ್ತಿಗೆ, ಎದೆ ಒರೆಸುವಾಗ ಅದು ಕಂಕುಳಿಗೆ ಹರಿಯುತ್ತದೆ, ಮೈ ಜುಮ್ಮೆನ್ನುತ್ತದೆ. ಮೇಲೆ ಹಸಿರು ಬಟ್ಟೆ ಹೊದಿಸುತ್ತಾರೆ. ಮುಖದ ಮೇಲೂ ಬರುತ್ತದೆ. ಉಸಿರು ಕಟ್ಟಿದ ಹಾಗಾದರೆ ಬಾಯಿಬಿಟ್ಟು ಹೇಳು, ಬಟ್ಟೆ ಎತ್ತಿ ಹಿಡಿಯುತ್ತಾರೆ. ಸುಮ್ಮನೆ ಹಲ್ಲು ಕಚ್ಚಿಕೊಂಡಿರಬೇಡ, ನಿನ್ನ ಗುಣ ನನಗೆ ಗೊತ್ತು.

ಕುತ್ತಿಗೆ ಮೇಲೆ ಜೆಲ್ಲಿ ಹಚ್ಚಿ ಮಷೀನು ಆಡಿಸಿ ನರ ಎಲ್ಲಿದೆ ಅಂತ ನೋಡುತ್ತಾರೆ. ಆಮೇಲೆ ಮರಗಟ್ಟಿಸುವ ಸೂಜಿ, ಕುತ್ತಿಗೆಗೆ ಒಂದು, ಎದೆಗೆ ಒಂದು. ಇದೇ ಕಷ್ಟದ ಜಾಗ. ಕಟ್ಟಿರುವೆ ಕಚ್ಚಿದ ಹಾಗೆ ಉರಿಯುತ್ತದೆ. ಇಪ್ಪತ್ತು ಎಣಿಸು, ಹೋಗುತ್ತದೆ. ಅದಾದ ಮೇಲೆ ನೋವಿಲ್ಲ, ಆದರೆ ಒತ್ತುವುದು, ತಳ್ಳುವುದು ಎಲ್ಲ ತಿಳಿಯುತ್ತದೆ. ಚರ್ಮದ ಕೆಳಗೇ ಎದೆಯಿಂದ ಕುತ್ತಿಗೆವರೆಗೆ ಕೊಳವೆ ಎಳೆದು ಅಲ್ಲಿಂದ ನರದೊಳಗೆ ಇಳಿಸುತ್ತಾರೆ. ಆಗ ಎದೆ ಒಂದೆರಡು ಸಲ ದಡಬಡ ಅನ್ನಬಹುದು. ತುದಿ ಹೃದಯದ ಹತ್ತಿರ ಸ್ವಲ್ಪ ಹೆಚ್ಚು ಹೋಗಿದೆ ಅಂತ ಅರ್ಥ, ಅವರೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೊಲಿಗೆ, ಅಂಟುಪಟ್ಟಿ, ಒಂದು ಎಕ್ಸ್‌ರೇ. ಎಲ್ಲ ಸೇರಿ ಒಂದು ಗಂಟೆ. ಎರಡು ದಿನ ಕುತ್ತಿಗೆ ತಿರುಗುವುದಿಲ್ಲ.

ಹೊರಗೆ ಬಂದವರೇ ನಿನ್ನಣ್ಣ ಅಂದದ್ದು ಒಂದೇ ಮಾತು. 'ಹಲ್ಲು ಕೀಳ್ಸೋದ್ಕೆ ಇದು ಎವ್ವಳವೋ ಮೇಲು ಪೊನ್ನು.' ಎಷ್ಟೋ ಮೇಲಂತೆ. ಆಮೇಲೆ ಐದು ತಿಂಗಳು ಒಂದು ಸಲವೂ ಅವರ ಕೈ ಚುಚ್ಚಲಿಲ್ಲ. ನಡುವೆ ಒಂದು ತಿಂಗಳು ಚೆನ್ನಾಗಿಯೇ ಇದ್ದರು, ಅವರೆಕಾಯಿ ತೋಟಕ್ಕೆ ನೀರು ಕಟ್ಟಲು ಹೋದರು. ಅದೂ ಆ ಲೈನಿನಿಂದಲೇ.

ಸಹಿ ಹಾಕು ತೇನು. ನನ್ನ ಮೇಲಿನ ಸಿಟ್ಟಿಗೆ ಸಹಿ ತಡೆಯಬೇಡ.

ಪೊನ್ನುತಾಯಿ


ವೇದಸಂದೂರು
21 ಫೆಬ್ರವರಿ 2025

ಅತ್ತಿಗೆಗೆ,

ಹಾಕಿದರು. ಎರಡು ಇರುವೆ ಅಂದಿರಿ, ನಾಲ್ಕು ಕಚ್ಚಿದವು. ಉಳಿದದ್ದೆಲ್ಲ ನೀವು ಬರೆದ ಹಾಗೇ ನಡೆಯಿತು. ಎದೆ ದಡಬಡ ಅಂದಾಗ ನಿಮ್ಮ ಕಾಗದ ನೆನಪಾಗಿ 'ಹಿಂದಕ್ಕೆ ಎಳೀರಿ' ಅಂತ ನಾನೇ ಹೇಳಿದೆ. ಬಟ್ಟೆಯಾಚೆ ಡಾಕ್ಟರ್ ನಕ್ಕರು. ಬಟ್ಟೆಯೊಳಗೆ ಉಸಿರು ಕಟ್ಟಿತು, ಅದನ್ನೂ ಹೇಳಿದೆ. ಜೀವಾ ಅಂತ ಒಬ್ಬ ಸಿಸ್ಟರ್ ಕೊನೆಯವರೆಗೂ ಬಟ್ಟೆ ಎತ್ತಿ ಹಿಡಿದು ನಿಂತಿದ್ದಳು.

ಈಗ ಎದೆಯ ಬಲಗಡೆ ಎರಡು ಬಾಲ ಜೋತಾಡುತ್ತವೆ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ. ಮಿಲ್ಲಿನಲ್ಲಿ ಹದಿನೈದು ವರ್ಷ ನೂಲು ಪರೀಕ್ಷಿಸಿದವಳು ನಾನು, ಎಳೆ ಎಲ್ಲಿ ಸಿಕ್ಕುತ್ತದೆ ಅಂತ ನೋಡುವುದೇ ಕೆಲಸ. ಈಗ ರವಿಕೆ ಕೊಂಡಿಗೆ ಇದು ಸಿಕ್ಕೀತಾ, ಮಲಗಿದಾಗ ಎಳೆದೀತಾ ಅಂತ ಇಡೀ ದಿನ ಅದೇ ನೋಡುತ್ತೇನೆ. ಆದರೂ ನಿಜ ಹೇಳಬೇಕು. ಮೂರನೇ ಕೀಮೋ ಅದರಲ್ಲಿ ಹೋಗುವಾಗ ನನಗೆ ನಿದ್ದೆ ಬಂತು. ಚುಚ್ಚುವವರಿಲ್ಲ, ಹುಡುಕುವವರಿಲ್ಲ. ಎದ್ದಾಗ ನನಗೇ ನಾಚಿಕೆಯಾಯಿತು, ಅಣ್ಣನನ್ನು ಕೊಂದದ್ದರ ಜೊತೆ ರಾಜಿ ಮಾಡಿಕೊಂಡ ಹಾಗೆ.

ಜೀವಾ ಒಂದು ಕಾರ್ಡು ಕೊಟ್ಟಿದ್ದಾಳೆ. ಫೋನ್ ನಂಬರ್ ಇದೆ. ಸಣ್ಣದಾದರೂ ಸರಿ, ಯಾವ ಹೊತ್ತಾದರೂ ಸರಿ, ಫೋನ್ ಮಾಡಿ ಅಂದಳು. ಅದನ್ನು ಕೈಯಲ್ಲಿ ಹಿಡಿದಾಗಿನಿಂದ ಒಂದು ಪ್ರಶ್ನೆ ಬಿಡುತ್ತಿಲ್ಲ. ನಿಮಗೂ ಇಂಥ ಕಾರ್ಡು ಕೊಟ್ಟಿದ್ದರಾ? ಆ ಕೊನೆಯ ಭಾನುವಾರ ಅಣ್ಣನಿಗೆ ಬೆಳಗ್ಗೆ ಹನ್ನೊಂದು ಗಂಟೆಗೆ ಮೈ ಕೆಡಲು ಶುರುವಾಯಿತು ಅಂತ ಮದುರೈ ಆಸ್ಪತ್ರೆಯ ಕಾಗದದಲ್ಲಿದೆ. ನೀವು ಮನೆ ಬಿಟ್ಟದ್ದು ಸಂಜೆ ಐದಕ್ಕೆ. ಆರು ಗಂಟೆ ಹೊತ್ತು ಮನೆಯಲ್ಲಿ ಏನು ಮಾಡುತ್ತಿದ್ದಿರಿ? ಫೋನ್ ಮಾಡಿದಿರಾ, ಇಲ್ಲವಾ?

ತೇನ್‌ಮೊಳಿ


ತೇವಾರಂ
1 ಮಾರ್ಚ್ 2025

ತೇನು,

ಸಹಿ ಹಾಕಿದೆಯಲ್ಲ, ಅಷ್ಟು ಸಾಕು ನನಗೆ. ಡಾಕ್ಟರಿಗೇ ಹೇಳಿಕೊಟ್ಟೆಯಂತೆ, ನೀನು ಮಾಡುವವಳೇ.

ಇನ್ನು ಮುಂದಿನದು ಕೇಳು. ಮುಟ್ಟುವ ಮುಂಚೆ ಸರಣ್ಯಾ ಕೈ ತೊಳೆಯಲಿ. ನಲ್ಲಿ ಕೆಳಗೆ ಸುಮ್ಮನೆ ತೋರಿಸಿ ಬರುವುದಲ್ಲ. ಸೋಪು ಹಾಕಿ, ಬೆರಳ ಸಂದು, ಉಗುರ ಕೆಳಗೆ, ಇಪ್ಪತ್ತು ಎಣಿಸುವ ತನಕ. ವಾರಕ್ಕೊಮ್ಮೆ ಅಂಟುಪಟ್ಟಿ ಬದಲಿಸಬೇಕು, ಅಂಚು ಎದ್ದರೆ ಆ ದಿನವೇ. ಪಟ್ಟಿ ಎಳೆಯುವಾಗ ಚರ್ಮ ಕಿತ್ತು ಬರುವ ಹಾಗಾಗುತ್ತದೆ, ಕೆಳಗಿನಿಂದ ಮೇಲಕ್ಕೆ ನಿಧಾನ ಎಳೆಯಲಿ. ವಾರಕ್ಕೊಮ್ಮೆ ಉಪ್ಪುನೀರಿನ ಸಿರಿಂಜಿನಿಂದ ಕೊಳವೆ ತೊಳೆಯಬೇಕು, ಇಲ್ಲದಿದ್ದರೆ ಒಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಕ್ಲಿಪ್ ಹಾಕದೆ ಮುಚ್ಚಳ ತೆಗೆಯಬಾರದು, ಗಾಳಿ ಒಳಗೆ ಹೋಗುತ್ತದೆ. ಹತ್ತಿರ ಕತ್ತರಿ ಬೇಡವೇ ಬೇಡ. ಕೊಳವೆ ಎಲ್ಲಾದರೂ ಸೀಳಿದರೆ ಸೀಳಿದ ಜಾಗಕ್ಕೂ ಮೈಗೂ ನಡುವೆ ಕ್ಲಿಪ್ ಹಾಕಿ ಆಸ್ಪತ್ರೆಗೆ ಓಡಬೇಕು. ಸ್ನಾನಕ್ಕೆ ಮೇಲೆ ಪ್ಲಾಸ್ಟಿಕ್ ಅಂಟಿಸಿಕೋ. ನಿನ್ನಣ್ಣ ಪಳನಿ ಪಂಚಾಮೃತದ ಕವರನ್ನು ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದರು. ಎದೆ ಮೇಲೆ ದೇವರ ಚಿತ್ರ ಇಟ್ಟುಕೊಂಡು ಮೈ ತೊಳೆಯುತ್ತೀರಲ್ಲ ಅಂತ ನಾನು ರೇಗುತ್ತಿದ್ದೆ.

ಸುತ್ತ ಕೆಂಪಾದರೆ, ಕೀವು ಬಂದರೆ, ಕೈಯೋ ಕುತ್ತಿಗೆಯೋ ಊದಿದರೆ, ಜ್ವರ ಬಂದರೆ ಆ ಕ್ಷಣ ಫೋನ್ ಮಾಡು.

ಇಲ್ಲಿ ಅವರೆ ಕೊಯ್ಲು ಮುಗಿಯಿತು. ಬೆಟ್ಟದ ಕಡೆಯಿಂದ ಆನೆ ಇಳಿದು ಎರಡು ತೆಂಗು ಕೆಡವಿದೆ. ನಾನು ಚೆನ್ನಾಗಿದ್ದೇನೆ.

ಪೊನ್ನುತಾಯಿ


ವೇದಸಂದೂರು
18 ಮಾರ್ಚ್ 2025

ಅತ್ತಿಗೆಗೆ,

ಕೂದಲು ಹೋಯಿತು, ಹುಬ್ಬೂ ಹೋಯಿತು. ಬಾಯೊಳಗೆಲ್ಲ ಹುಣ್ಣು. ಮೆಟ್ಟಿಲು ಹತ್ತಲು ಸರಣ್ಯಾ ಬೆನ್ನು ಹಿಡಿಯಬೇಕು. ಅವಳು ಕಾಲೇಜಿನಿಂದ ಬಂದು ಕೈ ತೊಳೆದು, ಇಪ್ಪತ್ತನ್ನು ತಮಿಳಿನಲ್ಲಿ ಎಣಿಸಿ, ನನ್ನ ಎದೆಯ ಪಟ್ಟಿ ಬದಲಿಸುತ್ತಾಳೆ. ಹದಿನೆಂಟು ವರ್ಷದ ಹುಡುಗಿ ಅಮ್ಮನ ಎದೆಯನ್ನು ಹೀಗೆ ನೋಡಬಾರದಿತ್ತು. ಸಾಕು ಇದು, ಲೈನ್ ತೆಗೆದುಬಿಡಿ ಅಂತ ಹೋದ ವಾರ ಡಾಕ್ಟರಿಗೆ ಹೇಳಿದೆ. ಬಾಲಮುರುಗನ್ ಹೊರಗೆ ಹೋಗಿ ಅತ್ತು ಬಂದರು. ಅದಕ್ಕೇ ಸುಮ್ಮನಾದೆ.

ಎರಡು ಪುಟ ಬರೆದಿರಿ. ಪಂಚಾಮೃತದ ಕವರಿನ ಬಗ್ಗೆ ಬರೆದಿರಿ, ಆನೆಯ ಬಗ್ಗೆ ಬರೆದಿರಿ. ನಾನು ಕೇಳಿದ್ದಕ್ಕೆ ಒಂದು ಸಾಲಿಲ್ಲ. ನಿಮಗೆ ಬರೆಯಲು ಆಗದಿದ್ದರೆ ಬಿಡಿ, ಆದರೆ ನನ್ನ ಎದೆಯಲ್ಲೂ ಅದೇ ಲೈನ್ ಇದೆ ಅನ್ನುವುದು ನೆನಪಿರಲಿ. ಅಣ್ಣನ ವಿಷಯದಲ್ಲಿ ಎಲ್ಲಿ ತಪ್ಪಿತು ಅಂತ ತಿಳಿಯದೆ ನಾನು ದಿನಾ ಇದರ ಜೊತೆ ಮಲಗಬೇಕು.

ತೇನ್‌ಮೊಳಿ


ತೇವಾರಂ
27 ಮಾರ್ಚ್ 2025

ತೇನು,

ಇದನ್ನು ಮೂರನೆಯ ಸಲ ಬರೆಯುತ್ತಿದ್ದೇನೆ. ಮೊದಲೆರಡು ಶಾಲೆಯ ಒಲೆಗೆ ಹೋದವು. ಇದು ನಿನಗೆ ಮುಟ್ಟಿದರೆ ನೀನು ನನ್ನ ಮುಖ ಇನ್ನು ನೋಡುವುದಿಲ್ಲ, ಅದು ಗೊತ್ತಿದೆ. ಮುಟ್ಟದಿದ್ದರೆ ನಿನಗೂ ಹಾಗೇ ಆದೀತು. ಒಂದು ತಿಂಗಳು ನನ್ನ ಮಾನ ಕಾಪಾಡಿಕೊಂಡೆ. ಇನ್ನು ಆಗುವುದಿಲ್ಲ.

ಫೋನ್ ಮಾಡಿದೆ. ತಕ್ಷಣ ಮಾಡಿದೆ.

ಆ ಭಾನುವಾರ ಹತ್ತು ಗಂಟೆಗೆ ಲೈನ್ ತೊಳೆದೆ. ಕೈ ಸರಿಯಾಗಿ ತೊಳೆದಿದ್ದೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೂ ಒಳಗೆ ಸೋಂಕು ಸೇರಿತ್ತು, ತೊಳೆದ ನೀರಿನ ಜೊತೆ ಅದು ಮೈಗೆ ಹೋಯಿತು. ಹನ್ನೊಂದಕ್ಕೆ ಅವರಿಗೆ ನಡುಕ ಹತ್ತಿತು. ಮಂಚ ಗೋಡೆಗೆ ಬಡಿಯುವಷ್ಟು. 'ಸಳಿ ಪೊನ್ನು, ಸಳಿ, ತಾಳಕಾಗಲ್ಲ' ಅಂದರು. ನಾನು ಕಾರ್ಡು ಹುಡುಕಿ ಫೋನ್ ಮಾಡಿದೆ. ಎತ್ತಿದವಳು ಯಾರೋ ಹೊಸ ಹುಡುಗಿ. 'ಸಿಸ್ಟರ್, ಅವರುಕ್ಕು ಸಳಿ, ರೊಂಬ ಸಳಿ' ಅಂದೆ.

ನಿನಗೆ ಅರ್ಥವಾಗಿರಬೇಕು. ಆದರೂ ಬಿಡಿಸಿ ಬರೆಯುತ್ತೇನೆ, ಮುಚ್ಚಿಟ್ಟದ್ದು ಸಾಕು. ಪುಸ್ತಕದ ಚಳಿ ನಮ್ಮ ಬಳಗದವರ ಬಾಯಲ್ಲಿ ಸಳಿ. ನಮಗೆ ಸಳಿ ಅಂದರೆ ಮೈ ನಡುಗುವುದು. ತಮಿಳಿನವರಿಗೆ ಸಳಿ ಅಂದರೆ ಮೂಗು ಸೋರುವುದು, ಎದೆಯ ಕಫ. ನಡುಗುವುದಕ್ಕೆ ಅವರು ಕುಳಿರ್ ಅನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೂವತ್ತು ವರ್ಷ ಈ ಊರಲ್ಲಿ ತಮಿಳು ಮಾತಾಡಿದವಳು. ಎದುರಿಗೆ ಗಂಡ ನಡುಗುತ್ತಿರುವಾಗ ಬಾಯಿಗೆ ಅವರ ಮಾತೇ ಬಂತು.

'ಇರುಮಲ್ ಇರುಕ್ಕಾ?' ಅಂದಳು, ಕೆಮ್ಮಿದೆಯಾ ಅಂತ. ಇಲ್ಲ ಅಂದೆ. 'ಕಾಯ್ಚಲ್ ಇರುಕ್ಕಾ?' ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಜ್ವರ ಏರಿದ್ದು ಆಮೇಲೆ. ಇಲ್ಲ ಅಂದೆ. 'ಅಪ್ಪೊ ಆವಿ ಪುಡಿಂಗಮ್ಮಾ, ನಾಳೈಕ್ಕು ವಾಂಗ' ಅಂದಳು. ಹಬೆ ತೆಗೆದುಕೊಳ್ಳಲಿ, ನಾಳೆ ಬನ್ನಿ ಅಂತ.

ನಾನು ನೊಚ್ಚಿ ಸೊಪ್ಪು ಹಾಕಿ ನೀರು ಕುದಿಸಿದೆ. ತಲೆ ಮೇಲೆ ಕಂಬಳಿ ಹೊದಿಸಿ ಹಬೆಗೆ ಕೂರಿಸಿದೆ. ಯಾಕೆ ಹಬೆ ಅಂತ ಒಂದು ಕ್ಷಣ ಅನ್ನಿಸಿತು. ಆಸ್ಪತ್ರೆಯವರು ಹೇಳಿದ ಮೇಲೆ ನಾನು ಯಾರು ಅಂದುಕೊಂಡೆ. ಅರ್ಧ ಗಂಟೆಗೆ ನಡುಕ ನಿಂತಿತು. ನೋಡು, ಹೇಳಿದ ಹಾಗೆ ಮಾಡಿದ್ದಕ್ಕೆ ನಿಂತಿತು ಅಂತ ನನಗೆ ಖುಷಿಯಾಯಿತು ತೇನು. ಗಂಜಿ ಕುಡಿಸಿ ಮಲಗಿಸಿದೆ. ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ನಾಲ್ಕೂವರೆಗೆ ಏಳಿಸಿದರೆ ಮೈ ಸುಡುತ್ತಿತ್ತು, ಕೈಕಾಲು ಮಾತ್ರ ತಣ್ಣಗೆ. ನನ್ನನ್ನು ಅಮ್ಮಾ ಅಂತ ಕರೆದರು.

ಮದುರೈಯಲ್ಲಿ ಡಾಕ್ಟರ್ ಗಡಿಯಾರ ನೋಡಿದರು. 'ಒಂದು ಫೋನ್ ಮಾಡಿರಬಾರದಾಮ್ಮಾ?' ಅಂದರು. ಮಾಡಿದೆ ಅನ್ನಲು ಬಾಯಿ ತೆರೆದೆ. ಏನು ಹೇಳಿದಿರಿ ಅಂತ ಕೇಳಿದರೆ? ಆಗ ನನಗೂ ಪೂರ್ತಿ ತಿಳಿದಿರಲಿಲ್ಲ, ಎಲ್ಲೋ ಏನೋ ತಪ್ಪಿದೆ ಅಂತ ಮಾತ್ರ. ಮರುದಿನ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಒಬ್ಬಳು ಮಗುವಿನ ಮೂಗು ಒರೆಸುತ್ತಾ ಯಾರಿಗೋ ಹೇಳುತ್ತಿದ್ದಳು, 'ಸಳಿ ಪುಡಿಚ್ಚಿರುಕ್ಕು,' ನೆಗಡಿ ಹಿಡಿದಿದೆ ಅಂತ. ಅಲ್ಲೇ ನನಗೆ ತಿಳಿಯಿತು. ಒಳಗೆ ನಿನ್ನಣ್ಣ ಇನ್ನೂ ಉಸಿರಾಡುತ್ತಿದ್ದರು.

ಹದಿನಾರರ ದಿನ ನೀನು ಅಂದದ್ದಕ್ಕೆ ನಾನು ತಲೆ ಎತ್ತದೆ ಕೂತದ್ದು ಇದಕ್ಕೆ. ನೀನು ಸುಳ್ಳು ಹೇಳಲಿಲ್ಲ.

ಈಗ ನೀನು ಮಾಡಬೇಕಾದ್ದು. ಕುಳಿರ್ ಅಂತ ದೊಡ್ಡದಾಗಿ ತಮಿಳಿನಲ್ಲಿ ಬರೆದು ಫೋನಿನ ಹತ್ತಿರ ಗೋಡೆಗೆ ಅಂಟಿಸು. ಲೈನ್ ತೊಳೆದ ಮೇಲೆ ನಡುಕ ಬಂದರೆ, ಜ್ವರ ಇರಲಿ ಬಿಡಲಿ, ಆ ಮಾತನ್ನೇ ಹೇಳು. ಎದೆಯಲ್ಲಿ ಲೈನ್ ಇದೆ ಅಂತಲೂ ಹೇಳು. ಅಷ್ಟು ಮಾಡು.

ಪೊನ್ನುತಾಯಿ


ತೇವಾರಂ
22 ಏಪ್ರಿಲ್ 2025

ತೇನು,

ಉತ್ತರ ಬರಲಿಲ್ಲ. ಬೇಕೆಂದು ಕೇಳುತ್ತಲೂ ಇಲ್ಲ. ಶಾಲೆಗೆ ರಜೆ ಬಿಡುತ್ತಾರೆ, ಇಡೀ ದಿನ ಮನೆಯಲ್ಲಿ ಕೂತರೆ ಅಂಚೆಯವನ ಸೈಕಲ್ಲೇ ಕೇಳಿಸುತ್ತದೆ. ಕಾಗದ ಸಿಕ್ಕಿತಾ ಅಂತ ಮಾತ್ರ ತಿಳಿಸು. ಗೋಡೆಗೆ ಅಂಟಿಸಿದೆಯಾ? ಖಾಲಿ ಕಾರ್ಡು ಹಾಕಿದರೂ ಸಾಕು, ಅಂಟಿಸಿದೆ ಅಂತ ತಿಳಿದುಕೊಳ್ಳುತ್ತೇನೆ.

ಪೊನ್ನುತಾಯಿ


ದಿಂಡಿಗಲ್, ಆಸ್ಪತ್ರೆ
11 ಮೇ 2025

ಅತ್ತಿಗೆ,

ಕೈಯಲ್ಲಿ ಸೂಜಿ ಇದೆ, ಅಕ್ಷರ ನೋಡಿ ನಗಬೇಡಿ. ಮತ್ತೆ ಕೈಗೇ ಚುಚ್ಚಿದ್ದಾರೆ, ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮಾರ್ಚ್ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ನಾಲ್ಕು ಪುಟ ಉತ್ತರ ಬರೆದೆ. ಒಂದು ಮಾತಿಗೆ ನನ್ನ ಅಣ್ಣನನ್ನು ಕಳೆದಿರಾ ಅಂತ ಬರೆದೆ. ನಾನಾಗಿದ್ದರೆ ಹೀಗಾಗುತ್ತಿರಲಿಲ್ಲ ಅಂತಲೂ ಬರೆದೆ. ಇಪ್ಪತ್ತು ವರ್ಷದಿಂದ ತಮಿಳು ಮನೆಯಲ್ಲಿದ್ದೇನೆ, ಮಿಲ್ಲಿನಲ್ಲಿ ತಮಿಳು, ಮಗಳಿಗೆ ಜೋಗುಳ ಹಾಡಿದ್ದೂ ತಮಿಳಿನಲ್ಲೇ, ನನ್ನ ಬಾಯಿ ಹಾಗೆ ಎಡವುವುದಿಲ್ಲ ಅಂತ. ಅಂಚೆಗೆ ಹಾಕಲು ಸರಣ್ಯಾ ಕೈಗೆ ಕೊಡಬೇಕಿತ್ತು, ನಾಳೆ ನಾಳೆ ಅಂತ ಇಟ್ಟುಕೊಂಡೆ. ಕುಳಿರ್ ಅಂತ ಬರೆದು ಗೋಡೆಗೆ ಮಾತ್ರ ಅವತ್ತೇ ಅಂಟಿಸಿದೆ. ಅದನ್ನು ತಿಳಿಸದೆ ನಿಮ್ಮನ್ನು ಕಾಯಿಸಿದೆ. ಬೇಕೆಂದೇ ಕಾಯಿಸಿದೆ.

ಮಂಗಳವಾರ ಸರಣ್ಯಾ ಹತ್ತು ಗಂಟೆಗೆ ಲೈನ್ ತೊಳೆದು ಕಾಲೇಜಿಗೆ ಹೋದಳು. ಬಾಲಮುರುಗನ್ ಮಿಲ್ಲಿನಲ್ಲಿ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ನನಗೆ ನಡುಕ ಶುರುವಾಯಿತು. ಅದು ಹೇಗಿರುತ್ತದೆ ಅಂತ ನೀವು ಬರೆದಿದ್ದಿರಿ, ಆದರೆ ಬರೆದದ್ದು ಏನೂ ಅಲ್ಲ. ನನ್ನ ಹಲ್ಲೇ ನನ್ನ ನಾಲಿಗೆಯನ್ನು ಕಚ್ಚಿತು. ಮೇ ತಿಂಗಳ ಬಿಸಿಲು, ಫ್ಯಾನ್ ಆರಿಸಿ ಎರಡು ರಗ್ಗು ಹೊದ್ದರೂ ಮೈ ಕೇಳದು. ಫೋನ್ ಎರಡು ಸಲ ಕೈಯಿಂದ ಬಿತ್ತು. ಎತ್ತಿದವಳು ಜೀವಾ.

'ಜೀವಾ, ಸಳಿ' ಅಂದೆ.

ಗೋಡೆಯ ಮೇಲಿನ ಮಾತು ನನ್ನ ಕಣ್ಣ ಮುಂದೆಯೇ ಇತ್ತು ಅತ್ತಿಗೆ. ನಾನೇ ಬರೆದದ್ದು. ದಿನಾ ಓದಿದ್ದು. 'ಸಳಿ, ಸಳಿ, ತಾಳಕಾಗಲ್ಲ' ಅಂದೆ. ಅವಳಿಗೆ ಕೇಳಿಸಿದ್ದು ಮೊದಲ ಮಾತೊಂದೇ. 'ಸಳಿಯಾ ಅಕ್ಕಾ? ಇರುಮಲ್ ಇರುಕ್ಕಾ?' ಅಂತ ಕೇಳಿದಳು. ಕೆಮ್ಮಿದೆಯಾ ಅಂತ. ಇಷ್ಟು ಒಳ್ಳೆಯ ಹುಡುಗಿ, ಅವಳೂ ಅದನ್ನೇ ಕೇಳಿದಳು.

ಆ ಪ್ರಶ್ನೆ ನಿಮ್ಮ ಕಾಗದದಲ್ಲಿ ಇಲ್ಲದೇ ಹೋಗಿದ್ದರೆ ನಾನು ಇಲ್ಲ ಅಂತ ಹೇಳಿ ಫೋನ್ ಇಟ್ಟು ನೀರು ಕುದಿಸಲು ಹೋಗುತ್ತಿದ್ದೆ. ಕೆಮ್ಮು ಅಂದ ತಕ್ಷಣ ತಲೆಗೆ ಹೊಡೆದ ಹಾಗಾಯಿತು. 'ಕುಳಿರ್, ಕುಳಿರ್ ನಡುಕ್ಕಂ, ನೆಂಜುಲ ಲೈನ್ ಇರುಕ್ಕು' ಅಂತ ಕಿರುಚಿದೆ. ಅವಳ ದನಿಯೇ ಬದಲಾಯಿತು. 'ಉಡನೇ ಕಿಳಂಬುಂಗ ಅಕ್ಕಾ' ಅಂದಳು, ಈ ಕ್ಷಣ ಹೊರಡಿ ಅಂತ. ಬಾಲಮುರುಗನ್‌ಗೆ ಫೋನ್ ಮಾಡಿದೆ, ಮಿಲ್ಲಿನ ಜೀಪು ಬಂತು. ದಿಂಡಿಗಲ್ ಮುಟ್ಟುವಾಗ ಹನ್ನೆರಡಾಗಿರಲಿಲ್ಲ, ಬಾಗಿಲಲ್ಲೇ ಔಷಧಿ ಹಿಡಿದು ನಿಂತಿದ್ದರು. ಎರಡು ದಿನ ನನಗೆ ಏನೂ ನೆನಪಿಲ್ಲ. ಗುರುವಾರ ಲೈನ್ ತೆಗೆದರು. ತೆಗೆಯುವುದು ಏನೂ ಅಲ್ಲ, ಉಸಿರು ಹಿಡಿ ಅಂದರು, ಎಳೆದರು. ನಿನ್ನೆಯಿಂದ ಜ್ವರ ಇಲ್ಲ. ಬದುಕಿದ್ದೇನೆ. ಬಹಳ ಸುಸ್ತು.

ಆ ನಾಲ್ಕು ಪುಟವನ್ನು ಸರಣ್ಯಾ ಕೈಯಲ್ಲಿ ಹರಿದು ಹಾಕಿಸಿದೆ. ಏನು ಬರೆದಿದ್ದೀಯಮ್ಮಾ ಅಂತ ಕೇಳಿದಳು. ಸುಳ್ಳು ಅಂದೆ.

ಅತ್ತಿಗೆ, ನನಗೆ ನೀವು ಹೇಳಿಕೊಟ್ಟಿದ್ದಿರಿ. ಬಿಡಿಸಿ ಹೇಳಿದ್ದಿರಿ, ಗೋಡೆಗೂ ಅಂಟಿಸಿದ್ದೆ. ಆದರೂ ನನ್ನ ಬಾಯಿಗೆ ಬಂದದ್ದು ಅದೇ. ನಿಮಗೆ ಹೇಳಿಕೊಟ್ಟವರು ಯಾರಿದ್ದರು?

ಹೊಸ ಲೈನ್ ಇಪ್ಪತ್ತಾರಕ್ಕೆ, ಸೋಮವಾರ. ಇನ್ನು ಮೂರು ತಿಂಗಳ ಔಷಧಿ ಬಾಕಿ ಇದೆ. ನನಗೆ ಮತ್ತೆ ಆ ಮೇಜಿನ ಮೇಲೆ ಮಲಗುವ ಮನಸ್ಸೇ ಇಲ್ಲ, ಆದರೂ ಸಹಿ ಹಾಕಿದ್ದೇನೆ. ತೇವಾರಂನಿಂದ ತೇನಿಗೆ ಬಂದು ಅಲ್ಲಿ ಬೆಳಗ್ಗಿನ ಬಸ್ಸು ಹಿಡಿದರೆ ಹತ್ತಕ್ಕೆಲ್ಲ ಬರಬಹುದು. ಬನ್ನಿ. ಒಳಗೆ ಕರೆಯುವ ತನಕ ನನ್ನ ಪಕ್ಕ ಕೂತು ಮನೆಮಾತಿನಲ್ಲಿ ಏನಾದರೂ ಮಾತಾಡುತ್ತಿರಿ. ನಾನು ಹೆದರುವುದು ಆ ಮಾತಿನಲ್ಲೇ, ಇಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ.

ನಿಮ್ಮ
ತೇನು